ಅಜ್ಜಿಯನ್ನು ಪರೀಕ್ಷೆ ಮಾಡಬೇಡಿ

ನಾನು 32 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ಮೇಷ್ಟ್ರು. ಪ್ರಶ್ನೆ ಕೇಳುವುದು, ಉತ್ತರ ತಪ್ಪಿದರೆ ಕೆಂಪು ಶಾಯಿಯಲ್ಲಿ ಗುರುತು ಹಾಕುವುದು ನನ್ನ ಕೆಲಸವಾಗಿತ್ತು. ನಿವೃತ್ತನಾಗಿ ಶಿವಮೊಗ್ಗದ ಮನೆಯಲ್ಲಿ ಕುಳಿತ ಮೇಲೂ ಆ ಚಾಳಿ ಬಿಡಲಿಲ್ಲ. ಅದರಿಂದ ನಮ್ಮ ಮನೆಯಲ್ಲೇ ಒಂದು ಜೀವ ಬಹಳ ನೊಂದಿತು. ಆ ಜೀವ ನನ್ನ ಹೆಂಡತಿ. ಆರನೇ ಕ್ಲಾಸು ಓದುವ ಮೊಮ್ಮಗಳು ಪುಟ್ಟಿಗೆ ಅವಳು ಅಜ್ಜಿ. ಅಜ್ಜಿಗೆ ಈಗ 74 ವರ್ಷ. ಐದು ವರ್ಷದಿಂದ ಅಲ್ಝೈಮರ್ ಕಾಯಿಲೆ ಇದೆ.

ಇದನ್ನು ಬರೆಯುವುದಕ್ಕೆ ಎರಡು ಕಾರಣ. ನನ್ನ ವಯಸ್ಸಿನವರು ನಾನು ಮಾಡಿದ ತಪ್ಪನ್ನು ಮಾಡದಿರಲಿ ಎನ್ನುವುದು ಒಂದು. ಮನೆಯಲ್ಲಿ ಇಂಥ ಅಜ್ಜ ಅಜ್ಜಿ ಇರುವ ಮಕ್ಕಳಿಗೆ, ಅವರಿಗೆ ಏನಾಗಿದೆ ಎಂದು ಯಾರಾದರೂ ಬಿಡಿಸಿ ಹೇಳಬೇಕು ಎನ್ನುವುದು ಇನ್ನೊಂದು.

ರಂಗೋಲಿ ಕೂಡಲಿಲ್ಲ

ನನ್ನಾಕೆ ರಂಗೋಲಿಯಲ್ಲಿ ಎತ್ತಿದ ಕೈ. ಹದಿನೈದು ಚುಕ್ಕಿಯಿಂದ ಶುರು ಮಾಡಿ ಎಂಟಕ್ಕೆ ಇಳಿಸಿ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಗೆರೆ ಎಳೆದು ಮುಗಿಸುತ್ತಿದ್ದಳು. ಒಂದು ದೀಪಾವಳಿಯ ಬೆಳಿಗ್ಗೆ ಹೊರಗೆ ಬಂದು ನೋಡಿದರೆ, ಚುಕ್ಕಿಗಳ ನಡುವೆ ಸುಮ್ಮನೆ ಕುಳಿತಿದ್ದಳು. ಗೆರೆ ಹೊರಟ ಜಾಗಕ್ಕೆ ವಾಪಸ್ ಬಂದು ಸೇರಿರಲಿಲ್ಲ. ನನ್ನನ್ನು ಕಂಡದ್ದೇ ಎಲ್ಲವನ್ನೂ ಕೈಯಿಂದ ಅಳಿಸಿಬಿಟ್ಟಳು. "ಯಾಕೋ ಸೊಂಟ ನೋವು ಕಣ್ರೀ" ಅಂದಳು. ನಾನೂ ನಂಬಿದೆ.

ಆಮೇಲೆ ಒಂದೊಂದೇ ಶುರುವಾಯಿತು. ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ಮಗ ಬೆಂಗಳೂರಿಂದ ಯಾವಾಗ ಬರುತ್ತಾನೆ ಎಂದು ಕೇಳುವಳು, ಹೇಳಿದ ಐದೇ ನಿಮಿಷಕ್ಕೆ ಮತ್ತೆ ಕೇಳುವಳು. ಗಾಂಧಿ ಬಜಾರಿಗೆ ಹೋದವಳು ತರಕಾರಿ ಚೀಲ ಅಂಗಡಿಯಲ್ಲೇ ಬಿಟ್ಟು ಬಂದಳು. ಚಿಲ್ಲರೆ ಎಣಿಸುವುದು ತೊಡಕಾಯಿತು. ಮಾತಿನ ನಡುವೆ ಪದ ಸಿಗದೆ "ಅದು, ಅದೇ, ನೀರು ಕುಡಿಯೋದು" ಎಂದು ಲೋಟವನ್ನು ತೋರಿಸುತ್ತಿದ್ದಳು. ಮೂರು ಜನ ಸೇರಿದ ಕಡೆ ಮಾತೇ ಆಡದೆ ಮೂಲೆ ಸೇರುತ್ತಿದ್ದಳು.

ನಾನು ಏನು ಮಾಡಿದೆ? ಮೇಷ್ಟ್ರು ಮಾಡುವುದನ್ನೇ ಮಾಡಿದೆ. "ಇವತ್ತು ಯಾವ ವಾರ ಹೇಳು? ಬೆಳಿಗ್ಗೆ ಏನು ತಿಂಡಿ ತಿಂದೆ ಹೇಳು? ಇವರು ಯಾರು, ಹೆಸರು ಹೇಳು ನೋಡೋಣ?" ಎಂದು ನೆಂಟರ ಮುಂದೆಯೂ ಕೇಳಿದೆ. ಕೇಳಿ ಕೇಳಿ ಚುರುಕು ಮಾಡಿದರೆ ನೆನಪು ಬಂದೀತು ಎಂದುಕೊಂಡಿದ್ದೆ. ಅವಳು ತಲೆ ತಗ್ಗಿಸುತ್ತಿದ್ದಳು. ಗಮನ ಕೊಡುತ್ತಿಲ್ಲ, ಹಟ ಮಾಡುತ್ತಾಳೆ ಎಂದು ನಾನು ಗದರುತ್ತಿದ್ದೆ.

ಅಕ್ಕಿ ಡಬ್ಬದಲ್ಲಿ ಬಳೆ

ಒಂದು ದಿನ ಅವಳ ಚಿನ್ನದ ಬಳೆ ಕಾಣಲಿಲ್ಲ. ಮನೆಗೆಲಸಕ್ಕೆ ಬರುವಾಕೆಯೇ ತೆಗೆದಳು ಎಂದು ಪಟ್ಟು ಹಿಡಿದಳು. ಆ ಹೆಂಗಸು ಹನ್ನೆರಡು ವರ್ಷದಿಂದ ನಮ್ಮಲ್ಲಿ ಕೆಲಸ ಮಾಡುತ್ತಿದ್ದಳು. ನಾನು ಬೈಯಲಿಲ್ಲ, ಆದರೆ ನೀನೇನಾದರೂ ನೋಡಿದೆಯಾ ಎಂದು ಮೂರು ಸಲ ಕೇಳಿದೆ. ಮೂರನೆಯ ಸಲಕ್ಕೆ ಆಕೆ ಪೊರಕೆ ಕೆಳಗಿಟ್ಟು ಹೊರಟು ಹೋದಳು.

ಒಂಬತ್ತನೆಯ ದಿನ ಅಕ್ಕಿ ಅಳೆಯಲು ಡಬ್ಬಕ್ಕೆ ಕೈ ಹಾಕಿದಾಗ ಬಳೆ ಸಿಕ್ಕಿತು. ಅಜ್ಜಿ ತಾನೇ ಬಚ್ಚಿಟ್ಟು, ಬಚ್ಚಿಟ್ಟದ್ದನ್ನೂ ಮರೆತಿದ್ದಳು.

ಅವತ್ತೇ ಸಂಜೆ ಆಕೆಯ ಮನೆ ಹುಡುಕಿಕೊಂಡು ಹೋದೆ. ತಪ್ಪಾಯಿತು ಎಂದೆ. ಆಕೆ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ಬಳೆ ಸಿಕ್ತಲ್ಲ ಮೇಷ್ಟ್ರೇ, ಬಿಡಿ. ಅಮ್ಮೋರು ಹೋದ ತಿಂಗಳು ನಂಗೆ ಎರಡು ಸಲ ಸಂಬಳ ಕೊಟ್ಟಿದ್ರು. ಒಂದ್ಸಲದ್ದು ನಾನೇ ವಾಪಸ್ ಡಬ್ಬಿಯಲ್ಲಿ ಇಟ್ಟೆ. ನಿಮಗೆ ಹೇಳಿದ್ರೆ ಅಮ್ಮೋರಿಗೆ ಬೈತೀರ ಅಂತ ಸುಮ್ಮನಾದೆ. ಅವ್ರಿಗೆ ಏನೋ ಆಗಿದೆ, ಡಾಕ್ಟ್ರಿಗೆ ತೋರ್ಸಿ."

ನಲವತ್ತು ವರ್ಷ ಜೊತೆಗೆ ಬಾಳಿದ ನನಗೆ ಕಾಣದೇ ಹೋದದ್ದು ಆಕೆಗೆ ಕಂಡಿತ್ತು.

ಎಲ್ಲ ಮರೆವೂ ಕಾಯಿಲೆಯಲ್ಲ

ಬೆಂಗಳೂರಿನಲ್ಲಿ ನರರೋಗ ತಜ್ಞರಿಗೆ ತೋರಿಸಿದೆವು. ಅವರು ಮೊದಲು ನನ್ನನ್ನು, ಮಗನನ್ನು ಕೂರಿಸಿಕೊಂಡು ಯಾವಾಗಿನಿಂದ, ಏನೇನು ಬದಲಾವಣೆ ಎಂದು ವಿವರವಾಗಿ ಕೇಳಿದರು. ಆಮೇಲೆ ಅಜ್ಜಿಗೆ ಮೂರು ಪದ ಹೇಳಿ, ಸ್ವಲ್ಪ ಹೊತ್ತಿನ ಮೇಲೆ ಅವನ್ನು ಕೇಳಿದರು. ಗಡಿಯಾರದ ಚಿತ್ರ ಬರೆಯಲು ಹೇಳಿದರು. ಅವಳು ವೃತ್ತ ಬರೆದು, ಹನ್ನೆರಡು ಅಂಕಿಗಳನ್ನೂ ಒಂದೇ ಪಕ್ಕಕ್ಕೆ ಒತ್ತೊತ್ತಾಗಿ ತುಂಬಿಸಿದಳು. ನನಗೆ ಥಟ್ಟನೆ ಆ ದೀಪಾವಳಿಯ ರಂಗೋಲಿ ನೆನಪಾಯಿತು. ಯಾವುದು ಎಲ್ಲಿರಬೇಕು ಎಂದು ಲೆಕ್ಕ ಹಾಕುವ ಶಕ್ತಿ ಅವತ್ತೇ ಕೈ ಕೊಡಲು ಶುರುವಾಗಿತ್ತು.

ಆಮೇಲೆ ರಕ್ತ ಪರೀಕ್ಷೆ, ಮೆದುಳಿನ ಸ್ಕ್ಯಾನ್. ಇವು ಯಾಕೆ ಎಂದು ಕೇಳಿದೆ. ನೆನಪು ಕುಂದುವುದಕ್ಕೆಲ್ಲ ಅಲ್ಝೈಮರ್ ಒಂದೇ ಕಾರಣವಲ್ಲ ಎಂದು ವೈದ್ಯರು ಹೇಳಿದರು. ಬಿ12 ಜೀವಸತ್ವ ಕಡಿಮೆಯಾದರೆ, ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡದಿದ್ದರೆ, ಮನಸ್ಸಿಗೆ ಖಿನ್ನತೆ ಕವಿದರೆ, ಕೆಲವು ಮಾತ್ರೆಗಳ ಅಡ್ಡ ಪರಿಣಾಮವಾದರೆ ಕೂಡ ಮರೆವು ಬರಬಹುದು. ಇವುಗಳಿಗೆ ಚಿಕಿತ್ಸೆ ಕೊಟ್ಟರೆ ಎಷ್ಟೋ ಮಟ್ಟಿಗೆ ಸುಧಾರಿಸುತ್ತದೆ. ಅದಕ್ಕೇ, ವಯಸ್ಸಾಯಿತು ಅರಳುಮರಳು ಎಂದು ಮೂಲೆಗೆ ಕೂರಿಸದೆ ಬೇಗ ತೋರಿಸಬೇಕು.

ಹಾಗಂತ, ಕನ್ನಡಕ ಎಲ್ಲಿಟ್ಟೆ ಎಂದು ಹುಡುಕಿದ ಅಜ್ಜಂದಿರೆಲ್ಲ ಹೆದರಬೇಕಿಲ್ಲ. ಕನ್ನಡಕ ಎಲ್ಲಿಟ್ಟೆ ಎಂದು ಮರೆಯುವುದು ಸಹಜ. ಕನ್ನಡಕ ಕೈಯಲ್ಲಿ ಹಿಡಿದು ಇದು ಯಾತಕ್ಕೆ ಎಂದು ಕೇಳಿದರೆ ವೈದ್ಯರಿಗೆ ತೋರಿಸಬೇಕು. ಪರಿಚಿತರ ಹೆಸರು ಆ ಕ್ಷಣಕ್ಕೆ ಹೊಳೆಯದೆ, ಆಮೇಲೆ ನೆನಪಾಗುವುದು ಸಹಜ. ದಿನಾ ಓಡಾಡುವ ರಸ್ತೆಯಲ್ಲೇ ದಾರಿ ತಪ್ಪುವುದು, ಹೇಳಿದ್ದನ್ನೇ ಹೇಳುವುದು, ಬಲ್ಲ ಅಡುಗೆಯ ಕ್ರಮ ತಪ್ಪುವುದು, ವಿನಾಕಾರಣ ಅನುಮಾನ, ಇದ್ದಕ್ಕಿದ್ದಂತೆ ಸ್ವಭಾವ ಬದಲಾಗುವುದು ಸಹಜವಲ್ಲ.

ಮೆದುಳಿನೊಳಗೆ ಒಂದು ಕಡಲಕುದುರೆ

ಅವತ್ತು ರಾತ್ರಿ ಪುಟ್ಟಿ ಕೇಳಿದಳು, "ಅಜ್ಜಿಗೆ ನಿನ್ನೆದು ಮರೆತು ಹೋಗುತ್ತೆ. ಅವಳು ಚಿಕ್ಕವಳಿದ್ದಾಗ ತುಂಗೆಯಲ್ಲಿ ಈಜಿದ್ದು ಮಾತ್ರ ಹೇಗೆ ನೆನಪಿದೆ ಅಜ್ಜ?"

ಒಳ್ಳೆಯ ಪ್ರಶ್ನೆ. ಮಕ್ಕಳೇ, ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವು ಒಂದರ ಜೊತೆ ಒಂದು ಸಂದೇಶ ಹಂಚಿಕೊಳ್ಳುವುದರಿಂದಲೇ ನಾವು ನೋಡುವುದು, ಮಾತಾಡುವುದು, ನೆನಪಿಡುವುದು. ಮೆದುಳಿನ ಎರಡೂ ಪಕ್ಕದಲ್ಲಿ, ಕಿವಿಗಳ ನೇರಕ್ಕೆ ಒಳಗಡೆ, ಹಿಪೊಕ್ಯಾಂಪಸ್ ಎಂಬ ಪುಟ್ಟ ಭಾಗವಿದೆ. ನೋಡಲು ಕಡಲಕುದುರೆಯಂತೆ ಬಾಗಿರುವುದರಿಂದ ಅದಕ್ಕೆ ಆ ಹೆಸರು. ಹೊಸ ಸಂಗತಿಗಳನ್ನು ನೆನಪಿಗೆ ಸೇರಿಸುವುದರಲ್ಲಿ ಅದರದು ದೊಡ್ಡ ಪಾತ್ರ. ಶಾಲೆಯಲ್ಲಿ ಹಾಜರಿ ಪುಸ್ತಕ ಬರೆಯುವ ಗುಮಾಸ್ತ ಅಂತ ಇಟ್ಟುಕೊಳ್ಳಿ. ಅಲ್ಝೈಮರ್ ಕಾಯಿಲೆ ಸಾಮಾನ್ಯವಾಗಿ ಈ ಭಾಗದ ಸುತ್ತಮುತ್ತ ಮೊದಲು ಹಾನಿ ಮಾಡುತ್ತದೆ. ಗುಮಾಸ್ತನೇ ಹಾಸಿಗೆ ಹಿಡಿದರೆ ಇವತ್ತಿನ ಹಾಜರಿ ಬರೆಯುವವರು ಯಾರು? ಆದರೆ ಹಳೆಯ ಪುಸ್ತಕಗಳು ಬೀರುವಿನಲ್ಲಿ ಇನ್ನೂ ಇರುತ್ತವೆ. ಅದಕ್ಕೇ ಬೆಳಗಿನ ತಿಂಡಿ ನೆನಪಿಲ್ಲ, ತುಂಗೆಯ ಈಜು ನೆನಪಿದೆ. ಕಾಯಿಲೆ ಬೆಳೆದಂತೆ ನಿಧಾನಕ್ಕೆ ಬೀರುವಿಗೂ ಗೆದ್ದಲು ಹಿಡಿಯುತ್ತದೆ.

ಹಾನಿಗೆ ಎರಡು ಪ್ರೋಟೀನುಗಳು ಕಾರಣ ಎಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಅಮಿಲಾಯ್ಡ್ ಎನ್ನುವುದು ನರಕೋಶಗಳ ಹೊರಗೆ ಕರಣೆಯಾಗಿ ಕೂಡುತ್ತದೆ. ಟೌ ಎನ್ನುವುದು ನರಕೋಶದ ಒಳಗೆ ಸಿಕ್ಕುಸಿಕ್ಕಾದ ನೂಲಿನಂತೆ ಗಂಟು ಕಟ್ಟುತ್ತದೆ. ನರಕೋಶಗಳು ಮಾತು ನಿಲ್ಲಿಸುತ್ತವೆ, ಆಮೇಲೆ ಸಾಯುತ್ತವೆ. ಲಕ್ಷಣ ಕಾಣುವುದಕ್ಕೆ ಹದಿನೈದು ಇಪ್ಪತ್ತು ವರ್ಷ ಮುಂಚೆಯೇ ಇದು ಸದ್ದಿಲ್ಲದೆ ಆರಂಭವಾಗಿರಬಹುದು.

ಇದು ಅಂಟುರೋಗವಲ್ಲ. ಅಜ್ಜಿಯ ತೊಡೆಯ ಮೇಲೆ ಮಲಗಿದರೆ, ಅವಳ ಲೋಟದಲ್ಲಿ ನೀರು ಕುಡಿದರೆ ಬರುವುದಿಲ್ಲ. ನೀವು ಗಲಾಟೆ ಮಾಡಿದ್ದಕ್ಕೂ ಬಂದದ್ದಲ್ಲ. ಅಜ್ಜಿಗಿದ್ದರೆ ಮೊಮ್ಮಕ್ಕಳಿಗೂ ಬಂದೇ ಬರುತ್ತದೆ ಎಂದೂ ಅಲ್ಲ. ನೇರವಾಗಿ ವಂಶವಾಹಿಯಿಂದ ಬರುವ ಬಗೆ ತೀರಾ ಅಪರೂಪ.

ಹೆಸರು ಬಂದ ಕತೆ

ಅಲ್ಝೈಮರ್ ಎನ್ನುವುದು ಒಬ್ಬ ವೈದ್ಯರ ಹೆಸರು. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಗೆ ಔಗುಸ್ಟ ಡೀಟರ್ ಎಂಬ 51 ವರ್ಷದ ಹೆಂಗಸನ್ನು ಕರೆತಂದರು. ಡಾ. ಅಲೋಯಿಸ್ ಅಲ್ಝೈಮರ್ ಅವರನ್ನು ಮಾತಾಡಿಸಿದರು. ಹೆಸರು ಕೇಳಿದರೆ ಔಗುಸ್ಟ ಎಂದರು. ಗಂಡನ ಹೆಸರು ಕೇಳಿದರೂ ಔಗುಸ್ಟ ಎಂದೇ ಅಂದರು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಅಲ್ಝೈಮರ್ ಆಕೆಯ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಆ ಕರಣೆಗಳು, ಆ ಗಂಟುಗಳು ಕಂಡವು. ಅದೇ ವರ್ಷ ನವೆಂಬರಿನಲ್ಲಿ ವೈದ್ಯರ ಸಭೆಯಲ್ಲಿ ಅದನ್ನು ವಿವರಿಸಿದರು. 1910ರಲ್ಲಿ ಎಮಿಲ್ ಕ್ರೇಪಲಿನ್ ಎಂಬ ಹಿರಿಯ ವೈದ್ಯರು ತಮ್ಮ ಪಠ್ಯಪುಸ್ತಕದಲ್ಲಿ ಈ ಕಾಯಿಲೆಗೆ ಅಲ್ಝೈಮರ್ ಹೆಸರಿಟ್ಟರು.

ಔಗುಸ್ಟ ಅವರಂತೆ ಐವತ್ತರಲ್ಲೇ ಬರುವುದು ಕಡಿಮೆ. ಬಹುಪಾಲು ಜನರಲ್ಲಿ 65 ದಾಟಿದ ಮೇಲೆ ಕಾಣಿಸಿಕೊಳ್ಳುತ್ತದೆ. ಮರೆವಿನ ಕಾಯಿಲೆಗಳಿಗೆಲ್ಲ ಸೇರಿ ಡಿಮೆನ್ಶಿಯಾ ಎಂಬ ಹೆಸರಿದೆ. ಅದರಲ್ಲಿ ನೂರಕ್ಕೆ 60ರಿಂದ 70 ಪಾಲು ಅಲ್ಝೈಮರ್. ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಆದ್ದರಿಂದ ನಮ್ಮ ಮನೆಗೆ ಮಾತ್ರ ಬಂದ ಕಷ್ಟ ಎಂದು ಯಾರೂ ಬಾಗಿಲು ಹಾಕಿಕೊಂಡು ಕೂರಬೇಕಿಲ್ಲ.

ಮಾತ್ರೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ವೈದ್ಯರು ನಮಗೆ ಮುಚ್ಚುಮರೆ ಮಾಡಲಿಲ್ಲ. ಈ ಕಾಯಿಲೆಯನ್ನು ಪೂರ್ತಿ ವಾಸಿ ಮಾಡುವ ಔಷಧ ಇನ್ನೂ ಇಲ್ಲ. ಡೊನೆಪೆಝಿಲ್, ರಿವಾಸ್ಟಿಗ್ಮಿನ್, ಗ್ಯಾಲಂಟಮಿನ್ ಎಂಬ ಔಷಧಗಳಿವೆ. ನರಕೋಶಗಳು ಸಂದೇಶ ಕಳಿಸಲು ಬಳಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬೇಗ ಒಡೆದು ಹೋಗದಂತೆ ಅವು ತಡೆಯುತ್ತವೆ. ಕಾಯಿಲೆ ಬೆಳೆದಾಗ ಮೆಮ್ಯಾಂಟಿನ್ ಕೊಡುತ್ತಾರೆ. ಇವುಗಳಿಂದ ಕೆಲವರಿಗೆ ಕೆಲವು ಕಾಲ ದಿನದ ಬದುಕು ಸ್ವಲ್ಪ ಸಲೀಸಾಗುತ್ತದೆ. ಒಳಗಿನ ಕಾಯಿಲೆ ನಿಲ್ಲುವುದಿಲ್ಲ. ಕೆಲವರಿಗೆ ವಾಕರಿಕೆ, ಭೇದಿ ಆಗಬಹುದಾದ್ದರಿಂದ ವೈದ್ಯರು ಹೇಳಿದ ಪ್ರಮಾಣವನ್ನೇ ಕೊಡಬೇಕು.

ಅಮಿಲಾಯ್ಡನ್ನೇ ತೆಗೆದುಹಾಕುವ ಲೆಕಾನೆಮಾಬ್, ಡೊನಾನೆಮಾಬ್ ಎಂಬ ಹೊಸ ಔಷಧಗಳಿಗೆ ಅಮೆರಿಕದಲ್ಲಿ 2023 ಮತ್ತು 2024ರಲ್ಲಿ ಒಪ್ಪಿಗೆ ಸಿಕ್ಕಿತು. ಅವೂ ಕಾಯಿಲೆಯ ವೇಗವನ್ನು ಸ್ವಲ್ಪ ತಗ್ಗಿಸುತ್ತವೆ ಅಷ್ಟೇ, ಅದೂ ತೀರಾ ಆರಂಭದ ಹಂತದಲ್ಲಿರುವವರಿಗೆ. ಮೆದುಳಿನಲ್ಲಿ ಊತ, ರಕ್ತಸ್ರಾವದ ಅಪಾಯ ಇರುವುದರಿಂದ ಮತ್ತೆ ಮತ್ತೆ ಸ್ಕ್ಯಾನ್ ಮಾಡಿ ನೋಡುತ್ತಿರಬೇಕು. ನಮ್ಮ ಅಜ್ಜಿ ಆ ಹಂತ ದಾಟಿದ್ದಳು.

"ಹಾಗಾದರೆ ಚಿಕಿತ್ಸೆ ಅಂದರೆ ಏನು ಡಾಕ್ಟ್ರೇ?" ಎಂದು ಕೇಳಿದೆ. ಮಾತ್ರೆ ಕಾಲು ಭಾಗ, ಮನೆಯವರ ನಡವಳಿಕೆ ಮುಕ್ಕಾಲು ಭಾಗ ಎಂದು ತಿಳಿಯಿರಿ ಎಂದರು. ನನ್ನ ಪ್ರಶ್ನೆಗಳ ವಿಷಯ ತಿಳಿದಾಗ, "ನೀವು ಬೈದದ್ದು ಅವರಿಗೆ ಮರೆತು ಹೋಗುತ್ತೆ. ಬೈಸಿಕೊಂಡ ನೋವು ಮಾತ್ರ ಉಳಿಯುತ್ತೆ. ಯಾಕೆ ಅಳು ಬರ್ತಿದೆ ಅಂತ ಅವರಿಗೇ ಗೊತ್ತಾಗಲ್ಲ" ಎಂದರು. ಬಸ್ಸಿನಲ್ಲಿ ಶಿವಮೊಗ್ಗ ಮುಟ್ಟುವವರೆಗೂ ನಾನು ಮಾತಾಡಲಿಲ್ಲ.

ಪುಟ್ಟಿ ಹೇಳಿಕೊಟ್ಟ ಪಾಠ

ದಿನಾ ಸಂಜೆ ಕತ್ತಲಾಗುವ ಹೊತ್ತಿಗೆ ಅಜ್ಜಿಗೆ ತಳಮಳ. ಬ್ಯಾಗಿಗೆ ಎರಡು ಸೀರೆ ತುಂಬಿಕೊಂಡು, "ಮನೆಗೆ ಹೋಗಬೇಕು, ಅಮ್ಮ ಕಾಯ್ತಿರ್ತಾಳೆ" ಎನ್ನುತ್ತಿದ್ದಳು. ಈ ಕಾಯಿಲೆಯವರಲ್ಲಿ ಸಂಜೆಯ ತಳಮಳ ಸಾಮಾನ್ಯವಂತೆ. ನಾನು ಗಣಿತದ ಮೇಷ್ಟ್ರು, ಸರಿ ಉತ್ತರ ಹೇಳುತ್ತಿದ್ದೆ. "ಇದೇ ನಿನ್ನ ಮನೆ. ನಿನ್ನಮ್ಮ ತೀರಿಕೊಂಡು ಮೂವತ್ತು ವರ್ಷ ಆಯ್ತು." ಅವಳಿಗೆ ಅದು ಹೊಸ ಸುದ್ದಿ. ಅಮ್ಮ ಆಗಷ್ಟೇ ಸತ್ತಂತೆ ಅಳುತ್ತಿದ್ದಳು. ದಿನಾ ಸಂಜೆ ನಾನು ಅವಳ ತಾಯಿಯನ್ನು ಸಾಯಿಸುತ್ತಿದ್ದೆ.

ಬೇಸಿಗೆ ರಜೆಯಲ್ಲಿ ಪುಟ್ಟಿ ಬಂದಿದ್ದಳು. ಒಂದು ಸಂಜೆ ಅವಳೇ ಎದ್ದು ಅಜ್ಜಿಯ ಬ್ಯಾಗು ಹಿಡಿದುಕೊಂಡಳು. "ನಡಿ ಅಜ್ಜಿ, ಹೋಗೋಣ. ನಿಮ್ಮನೇಲಿ ಯಾರ್ಯಾರಿದ್ದಾರೆ?" ಅಂದಳು. ಇಬ್ಬರೂ ಅಂಗಳಕ್ಕೆ ಇಳಿದರು. ಅಜ್ಜಿ ಅಮ್ಮನ ಹೆಸರು ಹೇಳಿದಳು, ಕೊಟ್ಟಿಗೆಯ ಹಸುವಿನ ಹೆಸರು ಹೇಳಿದಳು, ಹೊಳೆದಂಡೆಯ ಮಾವಿನಮರದ ಕತೆ ಹೇಳಿದಳು. ತುಳಸಿಕಟ್ಟೆಗೆ ಮೂರು ಸುತ್ತು ಹಾಕುವುದರೊಳಗೆ ತಳಮಳ ಇಳಿಯಿತು. "ಅಜ್ಜಿ, ಕಾಲು ನೋಯ್ತಿದೆ. ಇಲ್ಲೇ ಊಟ ಮಾಡ್ಕೊಂಡು ಹೋಗೋಣ್ವಾ?" ಎಂದು ಪುಟ್ಟಿ ಕೇಳಿದಳು. "ಹ್ಞೂಂ, ಪಾಪ" ಎಂದು ಅಜ್ಜಿಯೇ ಅವಳ ಕೈಹಿಡಿದು ಒಳಗೆ ಕರೆತಂದಳು.

"ಸುಳ್ಳು ಹೇಳಿದ ಹಾಗಾಗಲಿಲ್ವೇನೇ?" ಎಂದು ಆಮೇಲೆ ಕೇಳಿದೆ. "ನಾನೇನು ಸುಳ್ಳು ಹೇಳ್ದೆ ಅಜ್ಜ? ಅವಳ ಅಮ್ಮನ ಬಗ್ಗೆ ಕೇಳಿದೆ ಅಷ್ಟೇ" ಎಂದಳು.

ಅವತ್ತಿನಿಂದ ಪರೀಕ್ಷೆ ನಿಲ್ಲಿಸಿದೆ. ಈಗ ನಮ್ಮ ಮನೆಯಲ್ಲಿ ಪಾಲಿಸುವ ಕೆಲವು ನಿಯಮಗಳನ್ನು ಹೇಳುತ್ತೇನೆ, ನಿಮಗೂ ಬೇಕಾಗಬಹುದು.

ಅಜ್ಜಿಗೆ "ನಾನು ಯಾರು ಹೇಳು?" ಎಂದು ಯಾರೂ ಕೇಳುವಂತಿಲ್ಲ. "ಅಜ್ಜಿ, ನಾನು ಪುಟ್ಟಿ ಬಂದೆ" ಎಂದು ತಾವೇ ಹೇಳಬೇಕು. ಒಂದು ಸಲಕ್ಕೆ ಒಂದೇ ಮಾತು, ಎದುರಿಗೆ ನಿಂತು, ನಿಧಾನವಾಗಿ. ಹತ್ತು ಸಲ ಕೇಳಿದರೆ ಹತ್ತನೆಯ ಸಲವೂ ಮೊದಲ ಸಲದಂತೆಯೇ ಉತ್ತರ. ಸ್ನಾನ, ಊಟ, ನಿದ್ದೆ ದಿನಾ ಒಂದೇ ಹೊತ್ತಿಗೆ. ಬಚ್ಚಲಮನೆಯ ಬಾಗಿಲಿಗೆ ಬಕೆಟ್ಟಿನ ಚಿತ್ರ ಅಂಟಿಸಿದ್ದೇವೆ. ರಾತ್ರಿ ಓಣಿಯಲ್ಲಿ ಸಣ್ಣ ದೀಪ ಉರಿಯುತ್ತದೆ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಅಡುಗೆಯಾದ ಕೂಡಲೇ ಬಂದ್. ಗೇಟಿಗೆ ಗಂಟೆ ಕಟ್ಟಿದ್ದೇವೆ. ಅವಳ ಸರದ ಪದಕದ ಹಿಂದೆ ಮಗನ ಫೋನ್ ನಂಬರ್ ಕೆತ್ತಿಸಿದ್ದೇವೆ. ಅಕ್ಕಪಕ್ಕದವರಿಗೂ, ಮೂಲೆಯ ಅಂಗಡಿಯವರಿಗೂ ಕಾಯಿಲೆಯ ವಿಷಯ ಹೇಳಿದ್ದೇವೆ. ಮುಚ್ಚಿಟ್ಟಿದ್ದರೆ, ಅವಳು ಒಬ್ಬಳೇ ಹೊರಗೆ ಹೋದಾಗ ಯಾರು ಕೈಹಿಡಿದು ಕರೆತರುತ್ತಿದ್ದರು?

ನೋಡಿಕೊಳ್ಳುವವರಿಗೂ ವಿಶ್ರಾಂತಿ ಬೇಕು. ಭಾನುವಾರ ಮಧ್ಯಾಹ್ನ ಮೂರು ಗಂಟೆ ನನಗೆ ರಜೆ. ಆಗ ಅಜ್ಜಿಯ ಜೊತೆ ಕೂರುವವಳು ಆ ಮನೆಗೆಲಸದಾಕೆಯೇ. ತಿಂಗಳ ಮೇಲೆ ಅವಳು ವಾಪಸ್ ಬಂದಾಗ ಅಜ್ಜಿ, "ಇಷ್ಟು ದಿನ ಎಲ್ಲಿ ಹೋಗಿದ್ಯೇ?" ಎಂದು ಗದರಿ ಕಾಫಿ ಕೊಟ್ಟಿದ್ದಳು. ಬಳೆಯ ಪ್ರಸಂಗ ಅವಳಿಗೆ ಮರೆತಿತ್ತು. ನನಗೆ ಮರೆಯಬಾರದು.

ಮುಂದೇನು?

ಪುಟ್ಟಿ ಇದನ್ನೂ ಕೇಳಿದ್ದಳು. ನಿಜವನ್ನೇ ಹೇಳಿದೆ. ಅಜ್ಜಿಯ ಕಾಯಿಲೆ ನಿಧಾನಕ್ಕೆ ಹೆಚ್ಚುತ್ತದೆ. 65 ದಾಟಿದವರಲ್ಲಿ, ಕಾಯಿಲೆ ಗೊತ್ತಾದ ಮೇಲೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ವರ್ಷ ಬದುಕುತ್ತಾರೆ, ಕೆಲವರು ಇಪ್ಪತ್ತು ವರ್ಷವೂ ಇರುತ್ತಾರೆ. ಕೊನೆಕೊನೆಗೆ ಮಾತು, ನಡಿಗೆ, ನುಂಗುವುದು ಕೂಡ ಕಷ್ಟವಾಗುತ್ತದೆ. ಪುಟ್ಟಿ ಅತ್ತಳು. ಅಳಲಿ ಎಂದು ಬಿಟ್ಟೆ.

ತಡೆಯಲು ನಮ್ಮ ಕೈಲಾದದ್ದೂ ಇದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟ್ರಾಲ್ ಹತೋಟಿಯಲ್ಲಿಡುವುದು, ದಿನಾ ನಡೆಯುವುದು, ಹೊಗೆಸೊಪ್ಪು ಬಿಡುವುದು, ಕಿವಿ ಮಂದವಾದರೆ ಶ್ರವಣಯಂತ್ರ ಹಾಕಿಕೊಳ್ಳುವುದು, ಜನರ ಜೊತೆ ಬೆರೆಯುವುದು. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಇಂಥ 14 ಅಂಶಗಳನ್ನು ಪಟ್ಟಿ ಮಾಡಿತು. ಅವನ್ನೆಲ್ಲ ಸರಿಪಡಿಸಿದರೆ ಲೋಕದ ಡಿಮೆನ್ಶಿಯಾದಲ್ಲಿ ನೂರಕ್ಕೆ 45 ಪಾಲನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂದು ಹೇಳಿತು. ಮಕ್ಕಳು ಶಾಲೆಗೆ ಹೋಗಿ ಓದುವುದೂ ಆ ಪಟ್ಟಿಯಲ್ಲಿದೆ! 2013ರಲ್ಲಿ ಹೈದರಾಬಾದಿನ ವೈದ್ಯರು 648 ರೋಗಿಗಳನ್ನು ಗಮನಿಸಿ, ಎರಡು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡದ್ದನ್ನು ವರದಿ ಮಾಡಿದರು. ಪಕ್ಕದ ಮನೆಯವರ ಭಾಷೆ ಕಲಿಯಲು ಇದೂ ಒಂದು ನೆಪವಾಗಲಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಕಾಯಿಲೆಗೆ ತಪಾಸಣೆ, ಚಿಕಿತ್ಸೆ ಇದೆ. ಕೇರಳದಲ್ಲಿ 1992ರಲ್ಲಿ ಹುಟ್ಟಿದ ಎಆರ್‌ಡಿಎಸ್‌ಐ ಸಂಸ್ಥೆ ರೋಗಿಗಳ ಮನೆಯವರಿಗೆ ದಾರಿ ತೋರಿಸುತ್ತದೆ. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿದರೆ ಮಾಹಿತಿ ಸಿಗುತ್ತದೆ.

ಈಗೀಗ ಅಜ್ಜಿಗೆ ನನ್ನ ಗುರುತು ಸಿಗುವುದಿಲ್ಲ. ಅವಳ ಊರಿನ ಶಾಲೆಯ ಮೇಷ್ಟ್ರು ಎಂದುಕೊಂಡಿದ್ದಾಳೆ. ನಾನು ಕೋಣೆಗೆ ಹೋದರೆ ಎದ್ದು ನಿಲ್ಲಲು ನೋಡುತ್ತಾಳೆ. ಕೂತ್ಕೋ ಎಂದು ಭುಜ ಹಿಡಿದು ಕೂರಿಸುತ್ತೇನೆ. ಮೊನ್ನೆ ಪುಟ್ಟಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚುಕ್ಕಿ ಇಟ್ಟುಕೊಟ್ಟಳು. ಅಜ್ಜಿ ಬಗ್ಗಿ ಒಂದಷ್ಟು ಗೆರೆ ಎಳೆದಳು. ಒಂದೂ ಕೂಡಲಿಲ್ಲ. ಎಳೆದು ಮುಗಿಸಿ, ಶಾಲೆಯ ಹುಡುಗಿಯಂತೆ ನನ್ನ ಮುಖ ನೋಡಿದಳು.

"ಚೆನ್ನಾಗಿದೆ" ಎಂದೆ.

ಅವಳು ನಕ್ಕಳು. "ಊಟ ಆಯ್ತಾ ಮೇಷ್ಟ್ರೇ?" ಎಂದು ಕೇಳಿದಳು.